ಕಾವಲಿಗೆ ಕೂತ ರುಬ್ಬುಗುಂಡು

ನಮ್ಮ ಅತ್ತೆ ಈರವ್ವ ಒಂದು ಸಲ ಹೂಂ ಅಂದದ್ದನ್ನು ಉಹೂಂ ಅನ್ನಿಸಲು ಬೆಂಗೇರಿಯಲ್ಲಿ ಯಾರಿಗೂ ಆಗಿಲ್ಲ. ನನ್ನ ಬಾಯಿಯೂ ಏನು ಕಡಿಮೆಯದಲ್ಲ. ಸುಕನ್ಯಾಳ ಹತ್ತಿರ, ಅಂದರೆ ನನ್ನ ಹತ್ತಿರ, ಬ್ಲೌಸು ಹೊಲಿಯಲು ಕೊಡುವ ಗಿರಾಕಿಗಳು ಅಳತೆಯ ಬ್ಲೌಸು ಟೇಬಲ್ಲಿನ ಮೇಲಿಟ್ಟು, ದೀಪಾವಳಿಗೆ ಬೇಕು ಎಂದಷ್ಟೇ ಹೇಳಿ ಹೊರಡುತ್ತಾರೆ, ಎರಡನೆಯ ಮಾತು ತೆಗೆಯುವುದಿಲ್ಲ. ಇಂಥ ಇಬ್ಬರ ನಡುವೆ ನನ್ನ ಗಂಡ ಅಮರೇಶ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಬೆಳಿಗ್ಗೆ ಎದ್ದು ಅಮರಗೋಳದ ಹತ್ತಿ ಅಂಗಡಿಗೆ ಹೋಗಿ ಸಂಜೆ ಬರುವುದರಿಂದ ಬದುಕಿಕೊಂಡಿದ್ದಾನೆ.

ನನ್ನ ಹೊಲಿಗೆ ಮಷೀನು ಮುಂದಿನ ಕೋಣೆಯ ಕಿಟಕಿಗೆ ಹತ್ತಿಕೊಂಡು ಇದೆ. ಅಲ್ಲಿ ಕೂತರೆ ಎದುರಿಗೆ ಓಣಿಯ ತಿರುವು, ಆ ತಿರುವಿನಲ್ಲಿ ಗೋವಿಂದಪ್ಪನವರ ಮನೆ, ಅವರ ಕಬ್ಬಿಣದ ಗೇಟು, ಆ ಗೇಟಿನ ಪಕ್ಕದ ಮೂಲೆ. ಮೂಲೆಯಿಂದ ನೇರವಾಗಿ ಹೋದರೆ ಮುಖ್ಯ ರಸ್ತೆ, ಬಸ್ ಸ್ಟಾಪು. ಈ ಕಥೆಯೆಲ್ಲ ಆ ಮೂಲೆಯದೇ.

ನಾನು ಮದುವೆಯಾಗಿ ಬಂದಾಗ ಆ ಮೂಲೆ ಕಸದ ಗುಡ್ಡೆಯಾಗಿತ್ತು. ಹಿಂದಿನ ಬಡಾವಣೆಯವರು ಆಫೀಸಿಗೆ ಹೋಗುವಾಗ ಸ್ಕೂಟರಿನಿಂದ ಇಳಿಯದೆಯೇ ಪ್ಲಾಸ್ಟಿಕ್ ಚೀಲ ಎಸೆದು ಹೋಗುತ್ತಿದ್ದರು. ನಮ್ಮ ಓಣಿಯವರೂ ಸಾಚಾ ಅಲ್ಲ. ಕಸದ ಗಾಡಿ ಹಾಡು ಹಾಕಿಕೊಂಡು ಬಂದಾಗ ಒಳಗೆ ಒಗ್ಗರಣೆ ಹಾಕುತ್ತ ಕೂತು, ಅದು ಹೋದಮೇಲೆ ಚೀಲ ಹಿಡಿದು ಮೂಲೆಗೆ ಹೊರಡುವವರು ಮನೆಗೊಬ್ಬರಿದ್ದರು. ತಮ್ಮ ಮನೆಯ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ನಮ್ಮಷ್ಟು ಚೊಕ್ಕಟ ಇನ್ನಾರು ಎಂದು ಸೆರಗು ಸಿಗಿಸಿ ನಿಲ್ಲುವವರೂ ಅವರೇ.

ಆ ಗುಡ್ಡೆಯ ಜೊತೆ ಒಬ್ಬಂಟಿಯಾಗಿ ಗುದ್ದಾಡಿದವರು ಗೋವಿಂದಪ್ಪನವರು. ರೈಲ್ವೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಭಾನುವಾರ ಬಂತೆಂದರೆ ಪ್ಯಾಂಟು ಮಡಚಿ, ಸಲಿಕೆ ಹಿಡಿದು ಮೂಲೆಗೆ ಇಳಿಯುತ್ತಿದ್ದರು. ಊರ ಉಸಾಬರಿ ಇವರಿಗೆ ಯಾಕೆ ಎಂದು ಓಣಿ ನಗುತ್ತಿತ್ತು. ಯಾರಾದರೂ ಕೇಳಿದರೆ, "ಗೇಟ್ ತಗದ್ರ ರಸ್ತೆ ಕಾಣಬೇಕ್ರಿ, ಕಸ ಅಲ್ಲ" ಎನ್ನುತ್ತಿದ್ದರು. ಅಷ್ಟೇ ಅವರ ಮಾತು.

ಹೋದ ವರ್ಷ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸೋತವು, ಮಾತು ತೊದಲಾಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ: ನಡೆಯಬೇಕು. ದಿನಾ ಹೊರಗೆ ನಡೆದರೆ ಕಾಲು ಬರುತ್ತದೆ, ಮಂಚದ ಮೇಲೆ ಕೂತರೆ ಇದ್ದದ್ದೂ ಹೋಗುತ್ತದೆ. ಅವರ ಹೆಂಡತಿ ಸಾವಕ್ಕ ಇದನ್ನು ನನಗೆ ಹೇಳುವಾಗ ಅತ್ತುಬಿಟ್ಟಳು. ಹೊರಗೆ ನಡೆಯಬೇಕು ಎಂದರೆ ಗೇಟು ದಾಟಬೇಕು. ಗೇಟಿನ ಮುಂದೆ ಏನಿದೆ? ಸಲಿಕೆ ಹಿಡಿಯುವವರು ಮಲಗಿದ ಮೇಲೆ ಗುಡ್ಡೆ ಗೇಟಿನ ಎದೆಮಟ್ಟ ಬಂದಿತ್ತು.

ಇದನ್ನು ಕೇಳಿಯೇ ನಮ್ಮ ಅತ್ತೆ ಎದ್ದಳು. ಮೊದಲು ಅಮರೇಶನ ಕೈಯಲ್ಲಿ ಬೋರ್ಡು ಬರೆಸಿದಳು, ಇಲ್ಲಿ ಕಸ ಹಾಕಬಾರದು ಎಂದು. ಜನ ಬೋರ್ಡಿನ ಬುಡಕ್ಕೇ ಹಾಕಿದರು. ಆಮೇಲೆ ಬೈದು ನೋಡಿದಳು. ಬೈಗುಳ ಮುಟ್ಟುವಷ್ಟರಲ್ಲಿ ಸ್ಕೂಟರು ಮುಖ್ಯ ರಸ್ತೆ ಮುಟ್ಟಿರುತ್ತಿತ್ತು. ಕೊನೆಗೆ ಶ್ರಾವಣದ ಮೊದಲ ಸೋಮವಾರ, ಜೆಸಿಬಿ ತರಿಸಿ ಗುಡ್ಡೆ ಎತ್ತಿಸಿದ ಮೇಲೆ, ಹಿತ್ತಿಲಲ್ಲಿ ಬಿದ್ದಿದ್ದ ನಮ್ಮ ರುಬ್ಬುವ ಒಳ್ಳಿನ, ಅಂದರೆ ಒರಳುಕಲ್ಲಿನ, ಗುಂಡನ್ನು ಸೊಂಟದ ಮೇಲೆ ಕೂಸಿನಂತೆ ಹೊತ್ತು ತಂದು ಮೂಲೆಯಲ್ಲಿ ನಿಲ್ಲಿಸಿದಳು. ಮೂರು ಬೆರಳು ವಿಭೂತಿ ಎಳೆದಳು, ಕುಂಕುಮ ಹಚ್ಚಿದಳು, ಎರಡು ದಾಸವಾಳ ಇಟ್ಟಳು.

"ದೇವರ ಮುಂದ ಕಸಾ ಒಗಿಯೂ ಧೈರ್ಯ ಯಾರಿಗೈತಿ, ಒಗೀಲಿ ನೋಡೂನು" ಎಂದಳು.

"ಮಿಕ್ಸರ್ ಬಂದ ಮ್ಯಾಲ ಗುಂಡ ಖಾಲಿ ಕುಂತಿತ್ತರಿ ಅತ್ತಿ. ಪಾಪ, ಈಗ ನೌಕರಿ ಸಿಕ್ತು" ಎಂದೆ ನಾನು.

"ನಗು ನೀ. ನಾಳೆ ನೋಡು."

ನಾಳೆ ನೋಡಿದೆ. ಸ್ಕೂಟರಿನವನೊಬ್ಬ ಬಂದ, ಚೀಲ ಎತ್ತಿದ, ವಿಭೂತಿ ಕಂಡ, ಚೀಲ ಕೆಳಗಿಳಿಸಿದ, ಹಣೆ ಮುಟ್ಟಿಕೊಂಡು ಹೊರಟುಹೋದ. ಕಿಟಕಿಯಲ್ಲಿ ಕೂತ ನನ್ನ ಕೈಯಿಂದ ಸೂಜಿ ಜಾರಿತು. ಆ ವಾರವೆಲ್ಲ ಒಂದು ಚೀಲವೂ ಬೀಳಲಿಲ್ಲ. ಅತ್ತೆಯ ಮೋರೆ ನೋಡಬೇಕಿತ್ತು!

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಹಿಗ್ಗು. ಮೂಲೆ ಹಸನಾಯಿತು, ಗೋವಿಂದಪ್ಪನವರು ಎಡಗೈಯಲ್ಲಿ ಕೋಲು, ಬಲಕ್ಕೆ ಸಾವಕ್ಕನ ಭುಜ ಹಿಡಿದು ಗೇಟಿನಿಂದ ಹೊರಬಂದರು. ಮೊದಲು ನಮ್ಮ ಕಿಟಕಿಯವರೆಗೆ. ಆಮೇಲೆ ಅವರ ಆಚೆ ಮನೆಯ ಆಟೋ ಗೌಸಮೊದ್ದೀನನ ಮನೆಯವರೆಗೆ. ಅವರು ನಡೆಯುವುದನ್ನು ನೋಡಿ ನೋಡಿ ಓಣಿಗೇ ನಾಚಿಕೆ ಬಂತೋ ಏನೋ, ಗೌಸಮೊದ್ದೀನ ಅಡ್ಡ ನಿಲ್ಲಿಸುತ್ತಿದ್ದ ಆಟೋ ಒಳಗೆ ಹಾಕಿದ. ಗಟಾರದ ಒಡೆದ ಹಾಸುಗಲ್ಲನ್ನು ನಾಲ್ಕು ಜನ ಸೇರಿ ಬದಲಿಸಿದರು. ಮನೆ ಕಟ್ಟಿಸುವವರು ರಸ್ತೆಯ ಮೇಲೆ ಸುರಿದಿದ್ದ ಉಸುಕನ್ನು ತಮ್ಮ ಸೈಟಿನೊಳಗೆ ಎಳೆದುಕೊಂಡರು. ಯಾರೂ ಸಭೆ ಮಾಡಲಿಲ್ಲ, ಭಾಷಣ ಮಾಡಲಿಲ್ಲ. ನೀರು ಬಿಟ್ಟ ದಿನ ಅಂಗಳ ತೊಳೆಯುವ ಹೆಂಗಸರು ಅವರು ಬರುವ ಹೊತ್ತಿಗೆ ನೀರು ಬಳಿದು ರಸ್ತೆ ಒಣಗಿಸುತ್ತಿದ್ದರು. ಗೋವಿಂದಪ್ಪನವರ ಆಸೆ ಒಂದೇ ಇತ್ತು. ಯಾರ ಭುಜವನ್ನೂ ಹಿಡಿಯದೆ ತಾವೊಬ್ಬರೇ ಮುಖ್ಯ ರಸ್ತೆಗೆ ಹೋಗಿ, ಬಸ್ ಸ್ಟಾಪು ಮುಟ್ಟಿ, ತಿರುಗಿ ಬರಬೇಕು. ಧಾರವಾಡದ ಕಾಲೇಜಿನಲ್ಲಿ ಕಲಿಸುವ ಅವರ ಮಗಳು ಜಯಮಾಲಾ ದಿನಾ ಅಲ್ಲಿಂದಲೇ ಬಸ್ಸು ಹತ್ತುತ್ತಿದ್ದಳು. ಆಕೆಯನ್ನು ಸ್ಟಾಪಿಗೆ ಬಿಟ್ಟು ಬರಬೇಕು ಎಂದು ಅವರಿಗಿತ್ತು.

ಆದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆ ಇದೆಯಲ್ಲ, ಅದು ನಮ್ಮ ಮೂಲೆಯಲ್ಲಿ ಖರೆಯಾಯಿತು.

ಕಸ ಹಾಕಲು ಹೆದರಿದ ಜನ ಕಾಯಿ ಒಡೆಯಲು ಹೆದರಲಿಲ್ಲ. ಯಾರೋ ಒಬ್ಬಳು ಮಗನಿಗೆ ಜ್ವರ ಇಳಿಯಲಿ ಎಂದು ಹರಕೆ ಹೊತ್ತಳು, ಜ್ವರ ಇಳಿಯಿತು. ಗುಳಿಗೆ ನುಂಗಿದ್ದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಸೋಮವಾರ ಸೋಮವಾರ ಸಾಲು ನಿಂತಿತು. ಮನೆಯಲ್ಲಿ ಗಾಜೊಡೆದ ದೇವರ ಪಟ ಇದ್ದವರು ತಂದು ಗುಂಡಕ್ಕೆ ಆನಿಸಿದರು. ಬಾಡಿದ ಹಾರ, ಸುಟ್ಟ ಬತ್ತಿ, ಒಡೆದ ಕಾಯಿಯ ಕರಟ, ಅಮಾವಾಸ್ಯೆಗೆ ದೃಷ್ಟಿ ತೆಗೆದ ಕುಂಬಳಕಾಯಿ, ಲಿಂಬೆಹಣ್ಣು ಎಲ್ಲ ಅಲ್ಲಿಗೇ. ಮೊದಲಿನ ಕಸವನ್ನಾದರೂ ಪಾಲಿಕೆಯ ಗಾಡಿಯವರು ಆಗೊಮ್ಮೆ ಈಗೊಮ್ಮೆ ಎತ್ತುತ್ತಿದ್ದರು. ಇದನ್ನು ಕಂಡು ಅವರೂ ಹಿಂದೆ ಸರಿದರು. "ದೇವರ ಸಾಮಾನ ನಾವು ಮುಟ್ಟೂದಿಲ್ರಿ, ನಮಗೂ ಮಕ್ಕಳು ಮರಿ ಅದಾವ" ಎಂದರು. ಮೊದಲು ಇದ್ದದ್ದು ಕಸ, ಈಗ ಬೆಳೆದದ್ದು ಕೈ ಮುಗಿಸಿಕೊಳ್ಳುವ ಕಸ.

ಅತ್ತೆಗೆ ಇದು ಕಾಣಲಿಲ್ಲವೇ? ಕಾಣುತ್ತಿತ್ತು. ಆದರೆ ಆಕೆಯ ಕಣ್ಣಿಗೆ ಬೇರೆಯದೂ ಕಾಣುತ್ತಿತ್ತು. ಹೆಂಗಸರು ಮೊದಲು ಗುಂಡಕ್ಕೆ, ಆಮೇಲೆ ಅದನ್ನು ಇಟ್ಟ ಈರವ್ವನ ಕಾಲಿಗೆ ನಮಸ್ಕಾರ ಮಾಡುತ್ತಿದ್ದರು. ಆರತಿ ತಟ್ಟೆ ಮೊದಲು ಆಕೆಯ ಕೈಗೆ. ನಮ್ಮ ಅತ್ತೆ ಇಸ್ತ್ರಿ ಮಾಡಿದ ಇಳಕಲ್ಲ ಸೀರೆ ಉಟ್ಟು ಬೆಳಿಗ್ಗೆಯೇ ಹೊರಟರೆ ಸೊಪ್ಪು ಸೋಸುವವರಿಲ್ಲ, ಜೋಳ ಹಸನು ಮಾಡುವವರಿಲ್ಲ.

"ಅತ್ತಿ, ರೊಟ್ಟಿ ಬಡಿಯೂದು ಯಾರು? ಆ ಗುಂಡ ಬಂದು ಬಡೀತೈತೇನು?" ಎಂದು ನಾನು ಒಂದು ದಿನ ಕೇಳಿಯೇಬಿಟ್ಟೆ.

"ದೇವರ ಸುದ್ದಿಗೆ ಬರಬ್ಯಾಡ ಸುಕನ್ಯಾ" ಎಂದು ಕಣ್ಣು ಬಿಟ್ಟಳು. ರುಬ್ಬುಗುಂಡ ಎಂಬ ಮಾತು ಆಕೆಯ ಬಾಯಿಂದ ಬರುವುದೇ ನಿಂತಿತ್ತು.

ಚಳಿ ಶುರುವಾಗುವ ಹೊತ್ತಿಗೆ ಗೋವಿಂದಪ್ಪನವರು ಕಾಣದಾದರು. ಕೆಲಸದ ಗದ್ದಲದಲ್ಲಿ ನಾನು ಮೊದಲು ಗಮನಿಸಲಿಲ್ಲ. ಆಮೇಲೆ ಗೌಸಮೊದ್ದೀನನೇ ಒಂದು ಬೆಳಿಗ್ಗೆ ಕಿಟಕಿಗೆ ಬಂದು ಹೇಳಿದ. "ಅಕ್ಕಾ, ಕಾಕಾ ಹೋದ ತಿಂಗಳ ಒಂದ ಸೋಮವಾರ ಬಿದ್ರು. ಕಾಯಿ ನೀರು, ದೀಪದ ಎಣ್ಣಿ, ಎರಡೂ ರೋಡ್ ಮ್ಯಾಲೆ. ಕೋಲು ಜಾರಿಬಿಡ್ತು. ನಾನ ಎಬ್ಬಿಸಿ ಮನಿಗೆ ಒಯ್ದೆ. ಯಾರಿಗೂ ಹೇಳಬ್ಯಾಡ ಅಂದ್ರು."

ಅದೇ ವಾರ ಇನ್ನೊಂದು ಸುದ್ದಿ ಬಂತು. ಮುಖ್ಯ ರಸ್ತೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟ ಪ್ರತಾಪ, ಮುಂದಿನ ಚುನಾವಣೆಗೆ ನಿಲ್ಲುವ ಕನಸಿನವನು, ಮೂಲೆಯಲ್ಲಿ ಗುಡಿ ಕಟ್ಟಿಸುತ್ತೇನೆ ಎಂದು ಮುಂದೆ ಬಂದಿದ್ದ. ಇಟ್ಟಿಗೆ ಬಂದು ಬಿದ್ದವು. ಸಂಕ್ರಾಂತಿ ಮುಗಿದ ಸೋಮವಾರ ಪಾಯದ ಪೂಜೆ. ಸುಣ್ಣದಲ್ಲಿ ಗೆರೆ ಹಾಕಿದ್ದನ್ನು ನೋಡಿದೆ. ಕಟ್ಟೆಯ ಗೆರೆ ಗೋವಿಂದಪ್ಪನವರ ಗೇಟಿನ ಮುಂದೆಯೇ ಹಾದುಹೋಗಿತ್ತು. ಗೇಟು ತೆಗೆದರೆ ಕಟ್ಟೆಗೆ ಬಡಿಯುತ್ತದೆ.

"ಅವರಿಗೆ ಹಿಂದಿನ ಬಾಗಲಾ ಐತಲ್ರಿ, ಸಂದ್ಯಾಗಿಂದ ಓಡಾಡ್ಲಿ" ಎಂದ ಪ್ರತಾಪ.

ಹಿಂದಿನ ಬಾಗಿಲಿಗೆ ಕಡಿದಾದ ಮೆಟ್ಟಿಲುಗಳಿವೆ. ಸಮನೆಲದಲ್ಲೇ ಕಾಲೆಳೆಯುವ ಮನುಷ್ಯ ಅವನ್ನು ಇಳಿಯುವುದು ಉಂಟೇ? ಬೇಲಿಯೇ ಎದ್ದು ಹೊಲ ಮೇಯ್ದಂತೆ, ಗೇಟು ಕಾಯಲು ಇಟ್ಟ ದೇವರೇ ಗೇಟು ಮುಚ್ಚಲು ಬಂದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಪೂಜೆಯ ಹಿಂದಿನ ದಿನ, ಭಾನುವಾರ, ಮಷೀನು ನಿಲ್ಲಿಸಿ ಅತ್ತೆಯ ಮುಂದೆ ನಿಂತೆ.

"ಅತ್ತಿ, ನಡೀರಿ ಸಾವಕ್ಕನ ಮನಿಗೆ ಹೋಗಿ ಬರೂನು. ಕಾಕಾ ಬಿದ್ದಾರಂತ."

"ಬಿದ್ದಾರ? ಎಲ್ಲಿ?"

"ನಿಮ್ಮ ದೇವರ ಮುಂದ."

ಅತ್ತೆ ಸೆರಗು ಹೊದ್ದು ನನಗಿಂತ ಮುಂದೆ ಹೊರಟಳು.

ಸಾವಕ್ಕ ನಮ್ಮನ್ನು ಒಳಗೆ ಕರೆದು ಕುರ್ಚಿ ಹಾಕಿದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಂಚ, ಮಂಚದ ಮೇಲೆ ಗೋವಿಂದಪ್ಪನವರು. ನಾಲ್ಕು ತಿಂಗಳು ನಡೆದು ಗಳಿಸಿದ್ದೆಲ್ಲ ಇಳಿದುಹೋದಂತಿತ್ತು. ಬಲಗಾಲು ಮತ್ತೆ ಮೊದಲಿನ ಹಾಗೆ ಹೊರಳಿ ಬಿದ್ದಿತ್ತು. ಕೋಲನ್ನು ಕಪಾಟಿನ ಹಿಂದೆ ಸಿಗಿಸಿದ್ದರು.

"ಯಾಕ ಸಾವಕ್ಕ, ಒಂದ ಮಾತ ಹೇಳಬಾರದಾ?" ಎಂದಳು ಅತ್ತೆ.

ಸಾವಕ್ಕ ಚಹಾದ ತಟ್ಟೆ ಹಿಡಿದು ನಿಂತೇ ಇದ್ದಳು. "ಹೆಂಗ ಹೇಳೂದ್ರಿ ಈರವ್ವಾರ? ನಾವು ಬುದ್ಧನ ಮುಂದ ಕೈ ಮುಗಿಯೂ ಮಂದಿ. ನಿಮ್ಮ ದೇವರ ತಗೀರಿ ಅಂತ ನಾವಂದ್ರ ಅದಕ್ಕ ಬ್ಯಾರೇನ ಅರ್ಥ ಹಚ್ತಾರ. ನೀವ ಅಂದ್ರ ಜಗಳ, ನಾವಂದ್ರ ಕೇಸು. ಹಿಂದಿನ ಬಾಗಲಕ ಒಂದ ಹಗ್ಗಾ ಕಟ್ಟೂನು ಅನ್ನಾಕತ್ತಾಳ ಜಯಮಾಲಾ, ಹಿಡಕೊಂಡು ಇಳೀಲಿ ಅಂತ."

ಈ ಮಾತನ್ನು ಆಕೆ ಯಾರನ್ನೂ ದೂರುತ್ತ ಹೇಳಲಿಲ್ಲ. ಮಳೆ ಬರುವ ಹಾಗಿದೆ, ಬಟ್ಟೆ ತೆಗೆಯಬೇಕು ಎನ್ನುವಂತೆ ಹೇಳಿದಳು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಗೋವಿಂದಪ್ಪನವರು ಎಡಗೈ ಎತ್ತಿದರು. ಮಾತು ಒಂದೊಂದಾಗಿ ಬಂತು. "ಈರವ್ವಾರ... ನೀವು ಛಲೋದಕ್ಕ... ಇಟ್ರಿ. ನಾ ನಾಕ ತಿಂಗಳ... ಅಡ್ಡಾಡಿದೆ."

ಬೈದಿದ್ದರೆ ನಮ್ಮ ಅತ್ತೆ ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಆಕೆಯ ಬಳಿ ಮದ್ದಿದೆ. ಚಹಾ ಪೂರ್ತಿ ಕುಡಿದು, ಕಪ್ಪು ತಾನೇ ತೊಳೆದಿಟ್ಟು, ಮನೆಗೆ ಬಂದಳು. ದಾರಿಯಲ್ಲಿ ಗುಂಡದ ಮುಂದೆ ನಿಂತು ಅದನ್ನು ಬಹಳ ಹೊತ್ತು ನೋಡಿದಳು. ಕೈ ಮುಗಿಯಲಿಲ್ಲ. ಮನೆಗೆ ಬಂದವಳು ಸಂತೆಯಿಂದ ತಂದಿದ್ದ ಕೆಂಪು ಹಸಿ ಮೆಣಸಿನಕಾಯಿಯ ಚೀಲ ಬಿಚ್ಚಿ ತೊಟ್ಟು ಮುರಿಯಲು ಕೂತಳು. ಪ್ರತಿ ವರ್ಷ ಈ ದಿನಗಳಲ್ಲಿ ನಮ್ಮಲ್ಲಿ ರಂಜಕ ಮಾಡುತ್ತೇವೆ, ರೊಟ್ಟಿಗೆ ಹಚ್ಚಿಕೊಳ್ಳುವ ಖಾರ.

"ನಾಳೆ ಮಿಕ್ಸರ್‌ನ್ಯಾಗ ತಿರುವಿಬಿಡ್ತೇನ್ರಿ" ಎಂದೆ.

"ಮಿಕ್ಸರ್ ಬ್ಯಾಡ" ಎಂದಳು.

ಸೋಮವಾರ ಬೆಳಿಗ್ಗೆ ಪ್ರತಾಪ ಶಾಮಿಯಾನ ಹಾಕಿಸಿದ್ದ, ಮೈಕು ತಂದಿದ್ದ. ಪೂಜೆಗೆಂದು ನಮ್ಮ ಓಣಿಯ ಹಿರಿಯ ಮಹಾಂತಯ್ಯನವರನ್ನು ಕರೆಸಿದ್ದ. ನಮ್ಮ ಭಾಗದಲ್ಲಿ ಯಾರ ಮನೆಯ ತೊಟ್ಟಿಲಾಗಲಿ, ಗೃಹಪ್ರವೇಶವಾಗಲಿ, ಅಯ್ಯನವರು ಬಂದಮೇಲೆಯೇ ಮುಂದಿನ ಮಾತು. ಜನ ಸೇರಿತ್ತು. ಈರವ್ವ ಬರಲಿ, ಆರತಿ ಆಕೆಯೇ ಎತ್ತಲಿ ಎಂದು ಹೆಂಗಸರು ಕಾಯುತ್ತಿದ್ದರು.

ಈರವ್ವ ಬಂದಳು. ಇಳಕಲ್ಲ ಸೀರೆ ಉಟ್ಟಿರಲಿಲ್ಲ. ಅಡುಗೆಮನೆಯ ಹಳೆಯ ಸೀರೆ, ಬಿಗಿದ ಕಚ್ಚೆ, ಸಿಗಿಸಿದ ಸೆರಗು, ತಲೆಯ ಮೇಲೆ ಮೆಣಸಿನಕಾಯಿಯ ಬುಟ್ಟಿ. ಹಿಂದೆ ಗೌಸಮೊದ್ದೀನನ ಆಟೋದಲ್ಲಿ ನಮ್ಮ ಒಳ್ಳು, ಅದನ್ನು ಅಪ್ಪಿ ಕೂತ ನನ್ನ ಗಂಡ. ಇಬ್ಬರೂ ಸೇರಿ ಒಳ್ಳನ್ನು ಶಾಮಿಯಾನದ ನಡುವೆ ಇಳಿಸಿದರು. ಅಮರೇಶ ಬೆವರು ಒರೆಸಿಕೊಂಡು ನನ್ನ ಹಿಂದೆ ಬಂದು ನಿಂತ. "ಏನ ಮಾಡ್ತಾಳ ಅವ್ವ?" ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ಅತ್ತೆ ಗುಂಡದ ಮೇಲಿನ ಹಾರ ತೆಗೆದು ಪಕ್ಕಕ್ಕಿಟ್ಟು, ಗುಂಡವನ್ನು ಎತ್ತಿ, ಪೂಜೆಗೆ ಇಟ್ಟಿದ್ದ ಕೊಡದ ನೀರು ಸುರಿದು ತೊಳೆಯಲು ಶುರುಮಾಡಿದಳು.

ಒಂದಿಬ್ಬರು ಹೆಂಗಸರು ಅಯ್ಯೋ ಎಂದರು. ಪ್ರತಾಪ ಮೈಕು ಬಿಟ್ಟು ಓಡಿಬಂದ.

"ಯವ್ವಾ! ಏನ ಮಾಡಾಕತ್ತೀರಿ? ಉದ್ಭವ ಮೂರ್ತಿ ಅದು!"

"ಎಲ್ಲಿ ಉದ್ಭವಾತಪಾ? ನಮ್ಮ ಅಡಗಿ ಮನ್ಯಾಗ?" ಅತ್ತೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಇದು ನಮ್ಮ ಅತ್ತಿ ಗುಂಡ. ಆಕಿ ಇದರಾಗ ಖಾರಾ ಅರದಾಳ, ನಾ ಅರದೇನಿ. ನನ್ನ ದೇವರು ನನ್ನ ಕೊರಳಾಗ ಅದಾನ, ಲಿಂಗಾ ಕಟಗೊಂಡು ಈ ವಯಸ್ಸಿಗೆ ಬಂದೇನಿ. ಗುಂಡಕ್ಕ ವಿಭೂತಿ ಹಚ್ಚಿದಾಕಿನೂ ನಾನ, ತೊಳಿಯಾಕಿನೂ ನಾನ."

"ಪಾಪ ಬರ್ತೈತಿ!"

"ಬರ್ಲಿ. ನನ್ನ ಮನಿ ಗೊತ್ತೈತಿ ಅದಕ್ಕ."

ಜನರ ನಡುವೆ ಗುಜುಗುಜು ಎದ್ದಿತು. ಹರಕೆ ಹೊತ್ತವರಿಗೆ ಹೆದರಿಕೆ, ಸುಮ್ಮನೆ ಬಂದವರಿಗೆ ಮೋಜು. ಪ್ರತಾಪ ಮಹಾಂತಯ್ಯನವರ ಕಡೆ ತಿರುಗಿದ. "ಅಯ್ಯಾರ, ನೀವರ ಹೇಳ್ರಿ. ಇಂಥಾದ್ದು ನಡೀತೈತೇನು?"

ಎಲ್ಲರೂ ಅಯ್ಯನವರನ್ನೇ ನೋಡಿದರು. ಅವರು ಒಂದು ಮಾತು ಅಡ್ಡ ಆಡಿದ್ದರೆ ಕೆಲಸ ಕೆಡುತ್ತಿತ್ತು. ಮುದುಕ ಶಲ್ಯ ಸರಿಪಡಿಸಿಕೊಂಡು, ಗೋವಿಂದಪ್ಪನವರ ಮುಚ್ಚಿದ ಗೇಟನ್ನೊಮ್ಮೆ, ಸುಣ್ಣದ ಗೆರೆಯನ್ನೊಮ್ಮೆ ನೋಡಿ, ಬಂದು ಬುಟ್ಟಿಯೊಳಗೆ ಇಣುಕಿದರು.

"ಈರವ್ವ, ಬಳ್ಳೊಳ್ಳಿ ಎಷ್ಟ ಹಾಕಾಕಿ?"

"ಕೈಗೆ ಬಂದಷ್ಟ್ರಿ ಅಯ್ಯಾರ."

"ಲಿಂಬಿಹಣ್ಣಿನ ರಸಾ ಕಡಿಮಿ ಮಾಡಬ್ಯಾಡ. ಹೋದ ವರ್ಷ ಕಡಿಮಿ ಆಗಿತ್ತು. ಆದಮ್ಯಾಲ ನಮ್ಮ ಮನಿಗೂ ಒಂದೀಟ ಕಳಸು." ಇಷ್ಟು ಹೇಳಿ ಇಟ್ಟಿಗೆಯ ರಾಶಿಯ ಮೇಲೆ ಆರಾಮವಾಗಿ ಕೂತುಬಿಟ್ಟರು.

ಮೊದಲು ಗೌಸಮೊದ್ದೀನ ನಕ್ಕ. ಆಮೇಲೆ ಓಣಿಯೇ ನಕ್ಕಿತು. ಪ್ರತಾಪನ ಮೋರೆ ಸುಟ್ಟ ಬದನೆಕಾಯಿಯಾಗಿತ್ತು.

ಅತ್ತೆ ಒಳ್ಳಿಗೆ ಮೆಣಸಿನಕಾಯಿ ಸುರಿದಳು, ಉಪ್ಪು ಹಾಕಿದಳು, ಗುಂಡ ತಿರುಗಿಸಿದಳು. ಘಾಟು ಎದ್ದು ಎಲ್ಲರೂ ಕೆಮ್ಮಿದರು. ಅರೆಯುತ್ತಲೇ ಮಾತಾಡಿದಳು, ಯಾರ ಮೋರೆಯನ್ನೂ ನೋಡದೆ. "ಕಸಾ ಒಗ್ಯಾವ್ರನ್ನ ನಿಲ್ಲಿಸಿ ಬ್ಯಾಡ ಅನ್ನಾಕ ನಮಗ ಧೈರ್ಯ ಸಾಲಲಿಲ್ಲ. ನಮ್ಮ ಕೆಲಸಾ ಒಂದ ಕಲ್ಲಿಗೆ ಹಚ್ಚಿದ್ವಿ. ಅದು ನಂದ ತಪ್ಪು. ಕಲ್ಲು ಕಸಾ ಕಾಯೂದಿಲ್ಲ, ಮಂದಿ ಕಾಯಬೇಕು. ನಾಳಿಂದ ಇಲ್ಲೆ ನಾ ಕುಂದರ್ತೇನಿ. ಬರಾವ್ರು ಬರ್ರಿ."

ನನಗೆ ಆಕೆ ಅತ್ತೆ. ಹತ್ತಾರು ವರ್ಷಗಳಿಂದ ಉಪ್ಪು ಹೆಚ್ಚಾಯಿತು, ಹೊಲಿಗೆ ಸೊಟ್ಟಾಯಿತು ಎಂದು ನನ್ನ ಜೀವ ತಿಂದವಳು. ನಾಲ್ಕು ತಿಂಗಳು ಊರು ಕಾಲಿಗೆ ಬೀಳುವ ಸುಖ ಉಂಡವಳು, ಅದನ್ನು ಎಲ್ಲರ ಎದುರಿಗೆ ತನ್ನ ಕೈಯಾರೆ ತೊಳೆದು ಗಟಾರಕ್ಕೆ ಚೆಲ್ಲಿದಳಲ್ಲ! ಇಂಥವಳ ಸೊಸೆ ನಾನು ಎಂದು ಅವತ್ತು ನನಗೆ ನಿಜವಾಗಿ ಹೆಮ್ಮೆಯಾಯಿತು. ಘಾಟಿಗೆ ಕಣ್ಣಲ್ಲಿ ನೀರು ಬಂದಿದೆ ಎಂದು ಗಂಡನಿಗೆ ಹೇಳಿದೆ.

ನಾನು ಮನೆಗೆ ಓಡಿ ರೊಟ್ಟಿಯ ಡಬ್ಬಿ ತಂದೆ. ಇನ್ನೊಬ್ಬಳು ಎಣ್ಣೆ ತಂದಳು, ಮತ್ತೊಬ್ಬಳು ಮೊಸರು. ಮೊದಲ ತುತ್ತನ್ನು ಅತ್ತೆ ಸಾವಕ್ಕನಿಗೆ ಗೇಟಿನಲ್ಲಿ ಕೊಟ್ಟಳು. ಸಾವಕ್ಕ ತಿಂದು, ಹಾ ಹಾ ಎನ್ನುತ್ತ, "ಉಪ್ಪ ಹೆಚ್ಚಾತ್ರಿ ಈರವ್ವಾರ" ಎಂದಳು. ನಮ್ಮ ಅತ್ತೆಯ ಎದುರಿಗೆ ನಿಂತು ಹೀಗೆ ಹೇಳಿದವರನ್ನು ನಾನು ಮೊದಲ ಸಲ ಕಂಡೆ. ಪಟಗಳನ್ನು ಮಹಾಂತಯ್ಯನವರು ತಾವೇ ಕೈಹಾಕಿ ಆರಿಸಿ ಮಠಕ್ಕೆ ಒಯ್ಯಲೆಂದು ಆಟೋದಲ್ಲಿ ಇಡಿಸಿದರು. ಅಯ್ಯನವರು ಮುಟ್ಟಿದ ಮೇಲೆ ಗಾಡಿಯವರು ಉಳಿದದ್ದನ್ನು ಎತ್ತಲು ಹಿಂಜರಿಯಲಿಲ್ಲ. ಪ್ರತಾಪನ ಇಟ್ಟಿಗೆ ಸಂಜೆಯೊಳಗೆ ಬಂದ ದಾರಿಯಲ್ಲೇ ಹೋದವು.

ಮಾರನೆಯ ದಿನ ಅತ್ತೆ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಚಹಾದ ಕಪ್ಪು ಹಿಡಿದು ಕೂತಳು. ಒಬ್ಬಳೇ ಕೂತದ್ದು ನೋಡಲಾರದೆ ನಾನೂ ನನ್ನ ಚಹಾ ಅಲ್ಲಿಗೇ ಒಯ್ದೆ, ಹುಕ್ಕು ಹಚ್ಚುವ ಬ್ಲೌಸುಗಳನ್ನೂ ಒಯ್ದೆ. ಆಮೇಲೆ ಒಬ್ಬೊಬ್ಬರೇ ಬಂದರು. ಈಗ ನಮ್ಮ ಓಣಿಯಲ್ಲಿ ಬೆಳಗಿನ ಚಹಾ ಮನೆಯಲ್ಲಿ ಕುಡಿಯುವವರಿಲ್ಲ. ಗಾಡಿ ಬರುವವರೆಗೆ ಎಲ್ಲರೂ ಮೂಲೆಯಲ್ಲಿ, ಪಕ್ಕದಲ್ಲಿ ಅವರವರ ಕಸದ ಬಕೆಟ್ಟು. ಬಾಣಂತಿಯ ಮನೆಯದು, ಮಂಡಿನೋವಿನವರದು ಯಾರಾದರೂ ಎತ್ತಿಕೊಂಡು ಬಂದಿರುತ್ತಾರೆ.

ಆ ಸ್ಕೂಟರಿನವ ಹಳೆಯ ಚಟಕ್ಕೆ ಒಂದು ದಿನ ಚೀಲ ಹಿಡಿದೇ ಬಂದ. ಗುಂಡ ಕಾಣಲಿಲ್ಲ, ಇಷ್ಟು ಜನ ಕಂಡರು. ಗಲಿಬಿಲಿಯಾಗಿ, "ಇಲ್ಲೊಂದ ದೇವರಿತ್ತಲ್ರಿ, ಎಲ್ಲಿ ಹೋತು?" ಎಂದ.

"ಅಡಗಿ ಮನ್ಯಾಗ ಐತಿ, ದುಡ್ಯಾಕತ್ತೈತಿ" ಎಂದಳು ಅತ್ತೆ. "ನೀವು ಗಾಡಿ ನಿಲ್ಲಿಸ್ರಿ. ಸುಕನ್ಯಾ, ಅಣ್ಣಾರಿಗೆ ಚಾ ಕೊಡು. ಕಸದ ಗಾಡಿ ಬರೂ ಹೊತ್ತಾತು, ಕೊಟ್ಟ ಹೋಗ್ಲಿ."

ಚಹಾ ಬೇಡ ಎನ್ನಲು ನಮ್ಮ ಕಡೆ ಯಾರಿಗೂ ಬಾಯಿ ಬರುವುದಿಲ್ಲ. ಆತ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿದ. ಹಾಡು ಹಾಕಿಕೊಂಡು ಗಾಡಿ ಬಂತು, ಕೊಟ್ಟ, ಹೋದ. ಅವನು ಮತ್ತೆ ಚೀಲ ಎಸೆಯಲಿಲ್ಲ.

ಗೋವಿಂದಪ್ಪನವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಗೇಟಿನಿಂದ ಅತ್ತೆಯ ಕುರ್ಚಿಯವರೆಗೆ, ಕುರ್ಚಿಯಿಂದ ಗೌಸಮೊದ್ದೀನನ ಮನೆಯವರೆಗೆ. ಬಿದ್ದಾಗಿನಿಂದ ಸಾವಕ್ಕ ಅವರ ಭುಜ ಬಿಟ್ಟಿರಲಿಲ್ಲ. ಯುಗಾದಿ ಹತ್ತಿರ ಬಂದ ಒಂದು ಬೆಳಿಗ್ಗೆ, ಜಯಮಾಲಾ ಚೀಲ ಹಾಕಿಕೊಂಡು ಕಾಲೇಜಿಗೆ ಹೊರಟಾಗ, ಅವರು ಹೆಂಡತಿಯ ಕೈಯನ್ನು ಮೆಲ್ಲಗೆ ಸರಿಸಿದರು. ಮಗಳ ಜೊತೆ ಮುಖ್ಯ ರಸ್ತೆಯ ಕಡೆ ಕೋಲು ಊರಿದರು.

ಸಾವಕ್ಕ ಎದ್ದಳು. ಅತ್ತೆ ಆಕೆಯ ಸೆರಗು ಹಿಡಿದು ಕೂಡಿಸಿದಳು. "ಹೋಗ್ಲಿ ಬಿಡು."

ನಾವು ಯಾರೂ ನೋಡುತ್ತಿಲ್ಲ ಎನ್ನುವಂತೆ ಕೂತೆವು. ಗೌಸಮೊದ್ದೀನ ಆಗಲೇ ಒರೆಸಿದ್ದ ಆಟೋದ ಗಾಜನ್ನು ಮತ್ತೆ ಒರೆಸಿದ. ಅಮರೇಶ ಅಂಗಡಿಗೆ ಹೊತ್ತಾಗಿದ್ದರೂ ಬೈಕಿನ ಕೀಲಿ ಹುಡುಕುತ್ತ ನಿಂತ, ಕೀಲಿ ಕೈಯಲ್ಲೇ ಇತ್ತು. ರಸ್ತೆಯ ಮೇಲೆ ಒಂದು ಕಲ್ಲಿರಲಿಲ್ಲ, ಒಂದು ಹನಿ ನೀರಿರಲಿಲ್ಲ. ಬಸ್ಸು ಬಂತು, ಜಯಮಾಲಾ ಹತ್ತಿದಳು, ಬಸ್ಸಿನ ಮರೆಯಲ್ಲಿ ಗೋವಿಂದಪ್ಪನವರು ಕಾಣಲಿಲ್ಲ. ಬಸ್ಸು ಹೋಯಿತು. ಆಗಲೂ ಕಾಣಲಿಲ್ಲ. ನಾನು ಸೂಜಿ ಬೆರಳಿಗೆ ಚುಚ್ಚಿಕೊಂಡೆ.

ಆಮೇಲೆ ಓಣಿಯ ಬಾಯಲ್ಲಿ ಅವರು ಕಂಡರು. ನಿಧಾನ, ಕಾಲೆಳೆಯುತ್ತ, ಒಬ್ಬರೇ. ಎಡಗೈಯ ಕೋಲಿನ ಹಿಡಿಗೆ ಏನೋ ನೇತಾಡುತ್ತಿತ್ತು. ಹತ್ತಿರ ಬಂದಾಗ ಕಂಡಿತು, ಗಂಟು ಹಾಕಿದ ಕಪ್ಪು ಪ್ಲಾಸ್ಟಿಕ್ ಚೀಲ. ಯಾರೋ ಬಸ್ ಸ್ಟಾಪಿನ ಹತ್ತಿರ ಎಸೆದದ್ದು. ಆ ಸೊಂಟ, ಆ ಕಾಲು ಇಟ್ಟುಕೊಂಡು ಅದನ್ನು ಹೇಗೆ ಬಗ್ಗಿ ಎತ್ತಿದರೋ ಅವರಿಗೇ ಗೊತ್ತು. ಅದಕ್ಕೇ ಅಷ್ಟು ಹೊತ್ತು ಹಿಡಿದಿತ್ತು. ಗೌಸಮೊದ್ದೀನ ಇಸಿದುಕೊಳ್ಳಲು ಮುಂದೆ ಬಂದ. ಕೊಡಲಿಲ್ಲ. ಅಷ್ಟರಲ್ಲಿ ಬಂದು ನಿಂತಿದ್ದ ಕಸದ ಗಾಡಿಯವರೆಗೆ ತಾವೇ ನಡೆದು, ಚೀಲ ಕೊಟ್ಟು, ಅತ್ತೆಯ ಕುರ್ಚಿಯ ಮುಂದೆ ಬಂದು ನಿಂತರು. ಬೆವರು ಇಳಿಯುತ್ತಿತ್ತು. ಮೋರೆಯ ಮೇಲೆ ಹಳೆಯ ಭಾನುವಾರದ ಸಿಟ್ಟಿತ್ತು.

"ಆ ಸ್ಟಾಪಿನ ಮೂಲ್ಯಾಗ... ಯಾರೂ ಕುಂದರೂದಿಲ್ಲೇನ್ರಿ... ಈರವ್ವಾರ?"

ಅತ್ತೆ ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತಳು. ಆಕೆ ಹಾಗೆ ಎದ್ದು ನಿಲ್ಲುವುದು ಮಹಾಂತಯ್ಯನವರು ಬಂದಾಗ ಮಾತ್ರ.

"ನೀವು ಕುಂದರ್ರಿ" ಎಂದಳು. "ನಾಳಿಂದ ನಿಮ್ಮ ಕುರ್ಚಿ ಅಲ್ಲಿ. ಸುಕನ್ಯಾ ಚಾ ತರ್ತಾಳ."

ನಾನು ಎದ್ದು, ಇನ್ನೊಂದು ಕುರ್ಚಿ ತರಲು ಮನೆಗೆ ಹೋದೆ.